ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡಿದ ನನ್ನ ಅನುಭವ

ಇನಿಟ್‌ರಾಮ್‌ಎಫ್‌ಎಸ್ ಅಂದರೆ ಬೂಟ್ ಆಗುವಾಗ ಕರ್ನಲ್ (ಲಿನಕ್ಸಿನ ತಿರುಳು) ಮೊದಲು ಬಳಸುವ ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮ್. ನನ್ನ ಡೆಸ್ಕ್‌ಟಾಪ್‌ನಲ್ಲಿ ಅದು ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಇದೆ, ಅದನ್ನು ತೆಗೆಯುವ ಯೋಚನೆಯೂ ಇಲ್ಲ. ಎರಡರಲ್ಲೂ ಓಡುವುದು ಲಿನಕ್ಸೇ. ರೂಟ್ ಪಾರ್ಟಿಷನ್ (ಸಿಸ್ಟಮ್ ಕೂತಿರುವ ಡಿಸ್ಕ್ ಭಾಗ) ಮಾತ್ರ ಬೇರೆ ಥರ.

ಡಿಸ್ಕ್ ಡ್ರೈವರ್ ಮಾಡ್ಯೂಲ್ ಆಗಿದ್ದರೆ, ಅಂದರೆ ಕರ್ನಲ್ ಒಳಗಿರದೆ ಬೇರೆ ಫೈಲ್ ಆಗಿದ್ದರೆ, ಅದು ಇರುವುದು ಆ ಡಿಸ್ಕಿನೊಳಗೇ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದಕ್ಕೇ ಬೂಟ್‌ಲೋಡರ್ (ಕರ್ನಲ್ಲನ್ನು ಶುರು ಮಾಡುವ ಪ್ರೋಗ್ರಾಂ) ಕರ್ನಲ್ ಜೊತೆ ಒಂದು ಪುಟ್ಟ ಸಿಪಿಐಒ ಆರ್ಕೈವ್ ಕೊಡುತ್ತದೆ, ಅದೇ ಇನಿಟ್‌ರಾಮ್‌ಎಫ್‌ಎಸ್. ಅದು ರ‍್ಯಾಮ್‌ನಲ್ಲಿ ಬಿಚ್ಚಿಕೊಳ್ಳುತ್ತದೆ, ಅದರೊಳಗಿನ ಇನಿಟ್ ಎಂಬ ಪ್ರೋಗ್ರಾಂ ಬೇಕಾದ ಡ್ರೈವರ್ ಹಾಕಿ ನಿಜವಾದ ರೂಟ್‌ಗೆ ದಾಟಿಸುತ್ತದೆ. ನಮ್ಮ ಯಂತ್ರದಲ್ಲಿ ಏನಿದೆ ಅಂತ ಡಿಸ್ಟ್ರೋದವರಿಗೆ (ಡೆಬಿಯನ್ ಥರದ ಲಿನಕ್ಸ್ ಆವೃತ್ತಿ ಕೊಡುವವರಿಗೆ) ಗೊತ್ತಿರುವುದಿಲ್ಲ, ಹಾಗಾಗಿ ಅವರಿಗೆ ಇದು ಬೇಕೇ ಬೇಕು. ನನ್ನ ಯಂತ್ರ ನನಗೆ ಗೊತ್ತು, ಅಲ್ವಾ?

ಡೆಸ್ಕ್‌ಟಾಪ್‌ನಲ್ಲಿ ಇರುವುದು ಒಂದು ಎನ್‌ವಿಎಂಇ ಡಿಸ್ಕ್ (ಒಂದು ಬಗೆಯ ಎಸ್‌ಎಸ್‌ಡಿ), ಮೇಲೆ ಸಾದಾ ಎಕ್ಸ್ಟ್4 ಫೈಲ್ ಸಿಸ್ಟಮ್. ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ 'ಎಲ್‌ಎಸ್‌ಪಿಸಿಐ -ಕೆ' ಹಾಕಿ ನೋಡಿದೆ. ಕರ್ನಲ್ ಕಾನ್ಫಿಗ್‌ನಲ್ಲಿ ಎನ್‌ವಿಎಂಇ, ಎಕ್ಸ್ಟ್4 ಎರಡನ್ನೂ 'ಎಂ' (ಮಾಡ್ಯೂಲ್) ಇಂದ 'ವೈ'ಗೆ (ಕರ್ನಲ್ ಒಳಗೇ) ಬದಲಿಸಿದೆ. ಡೆವ್‌ಟಿಎಂಪಿಎಫ್‌ಎಸ್ (ಡಿಸ್ಕ್ ಮುಂತಾದ ಸಾಧನಗಳ ಫೈಲ್‌ಗಳಿರುವ ಜಾಗ) ತಾನೇ ಮೌಂಟ್ ಆಗುವ ಆಯ್ಕೆಯನ್ನೂ ಆನ್ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಮಾಡ್ಯೂಲ್ ಆಗಿಯೇ ಇರಲಿ ಅಂತ ಬಿಟ್ಟೆ. ಅದನ್ನು ಒಳಗೆ ಸೇರಿಸಿದರೆ ಅದರ ಫರ್ಮ್‌ವೇರನ್ನೂ ಕರ್ನಲ್‌ಗೆ ತುಂಬಬೇಕು, ಸುಮ್ನೆ ತಲೆನೋವು. ಸಿಪಿಯು ಮೈಕ್ರೋಕೋಡ್ (ಸಿಪಿಯುವಿನ ದೋಷ ತಿದ್ದುವ ಅಪ್‌ಡೇಟ್) ಮಾತ್ರ ಮರೆಯುವ ಹಾಗಿಲ್ಲ. ಅದು ಸಾಮಾನ್ಯವಾಗಿ ಬರುವುದು ಇನಿಟ್‌ರಾಮ್‌ಎಫ್‌ಎಸ್ ಜೊತೆಗೇ, ಹಾಗಾಗಿ ಕರ್ನಲ್ ಒಳಗೇ ಸೇರಿಸಿಬಿಟ್ಟೆ.

ಜಾಸ್ತಿ ಜನ ಎಡವುವುದು ಕಮಾಂಡ್ ಲೈನ್‌ನಲ್ಲಿ, ಅಂದರೆ ರೂಟ್ ಎಲ್ಲಿದೆ ಅಂತ ಬೂಟ್‌ಲೋಡರ್ ಕರ್ನಲ್‌ಗೆ ಹೇಳುವ ಸಾಲಿನಲ್ಲಿ. 'ರೂಟ್=ಯುಯುಐಡಿ' ಅಂತ ಕೊಟ್ಟರೆ ಬರೀ ಕರ್ನಲ್‌ಗೆ ಅರ್ಥವಾಗುವುದಿಲ್ಲ. ಫೈಲ್ ಸಿಸ್ಟಮ್‌ನ ಯುಯುಐಡಿ (ಗುರುತಿನ ಸಂಖ್ಯೆ) ಹುಡುಕುವುದು ಯೂಸರ್‌ಸ್ಪೇಸ್ ಕೆಲಸ, ಅಂದರೆ ಕರ್ನಲ್ ಹೊರಗಿನ ಪ್ರೋಗ್ರಾಂಗಳದ್ದು. ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಆದರೆ ಕರ್ನಲ್ ತಾನೇ ಹುಡುಕಿಕೊಳ್ಳುತ್ತದೆ. ತಪ್ಪಿದರೆ ಪ್ಯಾನಿಕ್ (ಕರ್ನಲ್ ಕೈಚೆಲ್ಲಿ ನಿಂತುಬಿಡುವುದು) ಗ್ಯಾರಂಟಿ, ಆದರೆ ಆ ಪರದೆಯಲ್ಲೇ ಸುಳಿವೂ ಇರುತ್ತದೆ. 'ಅನ್‌ನೋನ್-ಬ್ಲಾಕ್(0,0)' ಅಂದರೆ ಡಿಸ್ಕೇ ಕಂಡಿಲ್ಲ, ಇಲ್ಲವೇ ಹೆಸರು ತಪ್ಪಿದೆ. ಸೊನ್ನೆ ಬದಲು (259,2) ಥರ ಬಂದರೆ ಡಿಸ್ಕ್ ಸಿಕ್ಕಿದೆ, ಫೈಲ್ ಸಿಸ್ಟಮ್ ಕಡೆ ನೋಡಿ.

ವೇಗಕ್ಕೋಸ್ಕರ ಇದನ್ನು ಮಾಡುವುದಾದರೆ ಬೇಡ ಅಂತೀನಿ. ಉಳಿಯುವ ಸಮಯ ಅಷ್ಟಕ್ಕಷ್ಟೇ. ನನಗೆ ಇಷ್ಟವಾಗಿದ್ದು ಬೇರೆ: ಕರ್ನಲ್ ಬದಲಾದಾಗಲೆಲ್ಲ ಇನಿಟ್‌ರಾಮ್‌ಎಫ್‌ಎಸ್ ಇಮೇಜ್ ಮತ್ತೆ ಕಟ್ಟುವ ಕೆಲಸವಿಲ್ಲ, ಬೂಟ್ ಪಾರ್ಟಿಷನ್ ತುಂಬುವುದಿಲ್ಲ. ಕರ್ನಲ್ ನೀವೇ ಕಂಪೈಲ್ ಮಾಡದಿದ್ದರೆ ಈ ದಾರಿಗೆ ಬರಲೇಬೇಡಿ. ಡೆಬಿಯನ್‌ನಲ್ಲಾದರೆ ಇನಿಟ್‌ರಾಮ್‌ಎಫ್‌ಎಸ್ ಟೂಲ್ಸ್‌ನಲ್ಲಿ 'ಮಾಡ್ಯೂಲ್ಸ್=ಡೆಪ್' ಅಂತ ಹಾಕಿ, ಇಮೇಜ್ ಎಷ್ಟೋ ಚಿಕ್ಕದಾಗುತ್ತದೆ.

ಲ್ಯಾಪ್‌ಟಾಪ್ ರೂಟ್ ಇರುವುದು ಲಕ್ಸ್ ಎನ್‌ಕ್ರಿಪ್ಷನ್ ಒಳಗೆ. ಪಾಸ್‌ವರ್ಡ್ ಕೇಳಿ ಬೀಗ ತೆಗೆಯಲು ಕ್ರಿಪ್ಟ್‌ಸೆಟಪ್ ಎಂಬ ಪ್ರೋಗ್ರಾಂ ಓಡಬೇಕು, ಅದಕ್ಕೊಂದು ಜಾಗ ಬೇಕು. ಆ ಜಾಗವೇ ಇನಿಟ್‌ರಾಮ್‌ಎಫ್‌ಎಸ್. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದ ಹಾಗೆ ಹಂಚುವ ವ್ಯವಸ್ಥೆ) ಮೇಲೆ ರೂಟ್ ಇದ್ದರೂ ಇದೇ ಕಥೆ. ಡೆಸ್ಕ್‌ಟಾಪ್‌ನಲ್ಲಿ ಕೂಡ, ಏನಾದರೂ ಎಡವಟ್ಟಾದರೆ ಇರಲಿ ಅಂತ, ಡಿಸ್ಟ್ರೋ ಕರ್ನಲ್ಲನ್ನು ಅದರ ಇನಿಟ್‌ರಾಮ್‌ಎಫ್‌ಎಸ್ ಸಮೇತ ಬೂಟ್‌ಲೋಡರ್ ಆದ ಗ್ರಬ್ ಮೆನುವಿನಲ್ಲಿ ಉಳಿಸಿಕೊಂಡಿದ್ದೇನೆ.