ರಾಡಿ ನೀರು ತಿಳಿಯಾಗುವುದು ಹೇಗೆ? ಮೂರು ಲೋಟಗಳಲ್ಲಿ ನೋಡಿ

ಮಳೆಗಾಲದಲ್ಲಿ ಕೃಷ್ಣೆಗೆ ಹೊಸ ನೀರು ಬಂತೆಂದರೆ ಬಾಗಲಕೋಟೆ ಸೀಮೆಯ ನಮ್ಮೂರಲ್ಲಿ ಹರವಿಯ ನೀರೆಲ್ಲ ರಾಡಿ. ಅಜ್ಜಿ ಪಟಿಕದ ತುಂಡನ್ನು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆಯುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಹರವಿಯ ತಳ ಕಾಣುತ್ತಿತ್ತು. ಅಷ್ಟು ಚಿಕ್ಕ ತುಂಡಿನಿಂದ ಅಷ್ಟೊಂದು ಮಣ್ಣು ಕೆಳಗಿಳಿದದ್ದು ಹೇಗೆ?

ಒಂದು ಚಮಚ ಎರೆಮಣ್ಣನ್ನು ಒಂದು ಲೀಟರ್ ನೀರಲ್ಲಿ ಚೆನ್ನಾಗಿ ಕಲಸಿ. ಮಳೆನೀರು ಅಥವಾ ಆರ್‌ಒ ನೀರೇ ಇರಲಿ. ನಮ್ಮ ಕಡೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದೇ ಮಣ್ಣನ್ನು ಕೂರಿಸಿಬಿಡುತ್ತದೆ. ಅರ್ಧ ಗಂಟೆ ಬಿಟ್ಟು, ಮೇಲಿನ ರಾಡಿಯನ್ನಷ್ಟೇ ಮೂರು ಗಾಜಿನ ಲೋಟಗಳಿಗೆ ಬಗ್ಗಿಸಿ.

ಮೊದಲ ಲೋಟವನ್ನು ಸುಮ್ನೆ ಬಿಡಿ. ಎರಡನೆಯದಕ್ಕೆ ಚಿಟಿಕೆ ಉಪ್ಪು ಹಾಕಿ. ಮೂರನೆಯದಕ್ಕೆ ನಾಲ್ಕೈದು ಸಾಸಿವೆಕಾಳಿನಷ್ಟೇ ಪಟಿಕದ ಪುಡಿ ಸಾಕು. ಒಂದು ನಿಮಿಷ ಜೋರಾಗಿ, ಆಮೇಲೆ ಐದು ನಿಮಿಷ ಮೆಲ್ಲಗೆ ತಿರುಗಿಸಿ. ಅವಸರ ಮಾಡಬೇಡಿ, ಕೂಡಿಕೊಂಡ ಮಣ್ಣಿನ ಗಂಟು ಒಡೆಯುತ್ತದೆ.

ಈಗ ಲೋಟದೊಳಗೆ ಏನಾಗುತ್ತಿದೆ ನೋಡೋಣ. ಜೇಡಿ ಕಣ 2 ಮೈಕ್ರಾನ್‌ಗಿಂತ ಚಿಕ್ಕದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರ ಹರಳಿನಲ್ಲಿ ಕೆಲವೆಡೆ ಸಿಲಿಕಾನ್ ಜಾಗದಲ್ಲಿ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಜಾಗದಲ್ಲಿ ಮೆಗ್ನೀಷಿಯಂ ಕೂತಿರುತ್ತದೆ. ಹೀಗೆ ಬಂದು ಕೂತದ್ದಕ್ಕೆ ಧನ ಚಾರ್ಜ್ ಒಂದು ಕಡಿಮೆ, ಹಾಗಾಗಿ ಕಣದ ಮೈಮೇಲೆ ಋಣ ಚಾರ್ಜ್ ಉಳಿಯುತ್ತದೆ. ನೀರಿನಲ್ಲಿರುವ ಧನ ಅಯಾನುಗಳು, ಅಂದರೆ ಧನ ಚಾರ್ಜ್ ಇರುವ ಪರಮಾಣುಗಳು, ಅದರ ಸುತ್ತ ಮೋಡದಂತೆ ಕವಿಯುತ್ತವೆ. ಎರಡು ಕಣಗಳು ಹತ್ತಿರ ಬಂದರೆ ಈ ಮೋಡಗಳು ಒಂದನ್ನೊಂದು ತಳ್ಳುತ್ತವೆ. ಮಣ್ಣು ತೇಲುವುದು ಕಣ ಚಿಕ್ಕದಾಗಿದ್ದಕ್ಕಷ್ಟೇ ಅಲ್ಲ, ಒಂದಕ್ಕೊಂದು ಅಂಟದೇ ಇರುವುದಕ್ಕೂ.

ಉಪ್ಪು ಹಾಕಿದರೆ ಮೋಡ ಕುಗ್ಗುತ್ತದೆ, ಕಣಗಳು ಹತ್ತಿರ ಬರುತ್ತವೆ. ಆದರೆ ಸೋಡಿಯಂ ಅಯಾನಿಗೆ ಒಂದೇ ಚಾರ್ಜ್. ಪಟಿಕದ ಅಲ್ಯೂಮಿನಿಯಂ ಅಯಾನಿಗೆ ಮೂರು. ಮೂರು ಅಂದರೆ ಮೂರು ಪಟ್ಟು ಕೆಲಸ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲ. 1882ರಲ್ಲಿ ಶುಲ್ಜ್, 1900ರಲ್ಲಿ ಹಾರ್ಡಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟದ್ದು ಇದನ್ನೇ: ಚಾರ್ಜ್ ಏರಿದಂತೆ ಬೇಕಾಗುವ ಪ್ರಮಾಣ ಕಡಿದಾಗಿ ಇಳಿಯುತ್ತದೆ. ಮೂರು ಚಾರ್ಜಿನ ಅಯಾನು ನೂರಾರು ಪಟ್ಟು ಕಡಿಮೆ ಸಾಕು. ನನಗೆ ಇಡೀ ಪ್ರಯೋಗದಲ್ಲಿ ತುಂಬಾ ಇಷ್ಟವಾಗುವುದು ಈ ಲೆಕ್ಕವೇ. ಜೊತೆಗೆ ಅಲ್ಯೂಮಿನಿಯಂ ನೀರಲ್ಲಿ ಲೋಳೆಯಂಥ ಪದಾರ್ಥವಾಗಿ, ಇಳಿಯುವಾಗ ಉಳಿದ ಮಣ್ಣನ್ನೂ ಬಾಚಿಕೊಂಡು ಹೋಗುತ್ತದೆ.

ಪಟಿಕ ಕಡಿಮೆಯೇ ಇರಲಿ. ಜಾಸ್ತಿಯಾದರೆ ಕಣಗಳಿಗೆ ಈಗ ಧನ ಚಾರ್ಜ್ ಬಂದು ಮತ್ತೆ ತಳ್ಳಾಟ ಶುರುವಾಗಬಹುದು. ನೀರೂ ಒಗರಾಗುತ್ತದೆ.

ಮನೆಬಳಕೆಗೆ ಹೀಗೆ ತಿಳಿ ಮಾಡಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ. ಮಣ್ಣು ಇಳಿದರೂ ರೋಗಾಣುಗಳು ಉಳಿದಿರುತ್ತವೆ.