ಎರಡು ಗಂಟೆ ನಾನಿರ್ತೀನಿ, ನೀವು ಮಲಗಿ

ಕಾಯಿಲೆ ಜೋರಾಗಿ ಮನೆಯಲ್ಲೇ ಹಾಸಿಗೆ ಹಿಡಿದವರನ್ನು ನೋಡಲು ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ ಸ್ವಯಂಸೇವಕಿ. ಶುರುವಿನಲ್ಲಿ ನನ್ನ ಗಮನವೆಲ್ಲ ಮಲಗಿದವರ ಮೇಲೇ ಇತ್ತು. ಪಕ್ಕದಲ್ಲಿ ನಿಂತವರನ್ನು ಸರಿಯಾಗಿ ನೋಡಲೇ ಇಲ್ಲ.

ಮೊದಲು ಹೋದ ಮನೆಯಲ್ಲಿ ಗಂಡನಿಗೆ ಕ್ಯಾನ್ಸರ್, ಕೊನೆಯ ಹಂತ. ಅವರ ಜೊತೆ ಕೂತು ಮಾತಾಡಿ, ಹೊರಡುವಾಗ ಹೆಂಡತಿಗೆ "ಏನಾದ್ರೂ ಬೇಕಿದ್ರೆ ಹೇಳಿ ಅಕ್ಕಾ" ಅನ್ನುತ್ತಿದ್ದೆ. ಅವರು "ಹೂಂ" ಅನ್ನುತ್ತಿದ್ದರು. ಒಮ್ಮೆಯೂ ಏನೂ ಕೇಳಲಿಲ್ಲ. ನಾಲ್ಕನೇ ವಾರ ಬಾಗಿಲು ತೆಗೆದವರು ಗೋಡೆಗೆ ಒರಗಿಯೇ ನಿಂತಿದ್ದರು. "ರಾತ್ರಿ ಎಷ್ಟು ಹೊತ್ತು ಮಲಗ್ತೀರಿ?" ಅಂದೆ. ಅಷ್ಟಕ್ಕೇ ಅವರ ಕಣ್ಣು ತುಂಬಿತು. ಹಾಸಿಗೆ ಹುಣ್ಣು ಆಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ನರ್ಸ್ ಹೇಳಿದ್ದರು. ಅಕ್ಕ ರಾತ್ರಿಯೂ ಅಲಾರಂ ಇಟ್ಟುಕೊಂಡು ಅದನ್ನು ಒಬ್ಬರೇ ಮಾಡುತ್ತಿದ್ದರು. ತಿಂಗಳಿಂದ ನೆಟ್ಟಗೆ ನಿದ್ದೆ ಇರಲಿಲ್ಲ.

ಅವತ್ತಿನಿಂದ "ಬೇಕಿದ್ರೆ ಹೇಳಿ" ಅನ್ನುವುದನ್ನು ಬಿಟ್ಟೆ. ಏನು ಬೇಕು ಅಂತ ಯೋಚಿಸುವುದಕ್ಕೂ ಶಕ್ತಿ ಬೇಕು, ಅಲ್ವಾ? "ಈಗ ಎರಡು ಗಂಟೆ ನಾನಿರ್ತೀನಿ, ನೀವು ಒಳಗೆ ಹೋಗಿ ಮಲಗಿ" ಅಂದೆ.

ಹಾಗಂದ ಮಾತ್ರಕ್ಕೆ ಯಾರೂ ಮಲಗುವುದಿಲ್ಲ. ಅವರಿಗೆ ಧೈರ್ಯ ಬರಬೇಕು. ಅದಕ್ಕೇ ಮೊದಲು ಅವರ ಹತ್ತಿರವೇ ಕಲಿಯುತ್ತೇನೆ. ದಿಂಬು ಎಲ್ಲಿಟ್ಟರೆ ಹಿತ, ನೋವು ಬಂದರೆ ಹೇಗೆ ಗೊತ್ತಾಗುತ್ತದೆ, ಯಾವುದಕ್ಕೆ ಅವರನ್ನು ಎಬ್ಬಿಸಬೇಕು, ನರ್ಸ್ ನಂಬರ್ ಎಲ್ಲಿದೆ. ಔಷಧಿ ಮಾತ್ರ ನಾನು ಕೊಡುವುದಿಲ್ಲ, ಅದು ನಮಗೆ ಹಾಕಿಕೊಟ್ಟ ಗೆರೆ. ಮಾತ್ರೆಯ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಮಗ್ಗುಲು ಬದಲಿಸುವುದನ್ನು ನರ್ಸ್ ನನ್ನ ಕೈ ಹಿಡಿದೇ ಕಲಿಸಿದರು. ಎಳೆಯಬಾರದು, ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ. ಕೆಳಗೆ ಹಾಸಿದ ಬಟ್ಟೆ ಹಿಡಿದು, ಸಾಧ್ಯವಾದರೆ ಇಬ್ಬರು ಸೇರಿ ಸರಿಸಬೇಕು. ಮೊಣಕಾಲುಗಳ ನಡುವೆ ದಿಂಬು. ಮೀನಖಂಡದ ಕೆಳಗೂ ಒಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಬೇಕು. ಪ್ರತಿ ಸಲ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ ನೋಡುತ್ತೇನೆ. ಹುಣ್ಣು ಶುರುವಾಗುವಾಗ ಬರುವ ಕೆಂಪು ಕಪ್ಪು ಮೈಬಣ್ಣದವರಲ್ಲಿ ಎದ್ದು ಕಾಣುವುದಿಲ್ಲ, ಮುಟ್ಟಿ ನೋಡಬೇಕು. ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಇದ್ದರೆ ಅಲ್ಲಿ ಉಜ್ಜುವುದಿಲ್ಲ, ನರ್ಸ್‌ಗೆ ತಿಳಿಸುತ್ತೇನೆ.

ಊಟದ ವಿಷಯದಲ್ಲಿ ಅಕ್ಕನಿಗೆ ಜಾಸ್ತಿ ಸಂಕಟ. ಗಂಡ ತಿನ್ನುತ್ತಿಲ್ಲ, ನಾನೇ ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇನೋ ಅಂತ ಕೊರಗುತ್ತಿದ್ದರು. ಕೊನೆಯ ದಿನಗಳಲ್ಲಿ ದೇಹವೇ ಊಟ ಬೇಡ ಅನ್ನುತ್ತದೆ, ಮಂಪರಿನಲ್ಲಿ ಇರುವವರಿಗೆ ಬಲವಂತವಾಗಿ ತಿನ್ನಿಸಿದರೆ ಶ್ವಾಸಕೋಶಕ್ಕೆ ಇಳಿಯಬಹುದು ಅಂತ ನರ್ಸ್ ವಿವರಿಸಿದರು. ಆಮೇಲೆ ಒದ್ದೆ ಬಟ್ಟೆಯಿಂದ ತುಟಿ, ಬಾಯಿ ತೇವ ಮಾಡುವ ಕೆಲಸ ಅಕ್ಕನಿಗೆ ಕೊಟ್ಟರು. ಏನೋ ಒಂದು ಮಾಡುತ್ತಿದ್ದೇನೆ ಅನ್ನುವುದು ಅವರಿಗೆ ಬೇಕಿತ್ತು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ಹಂತದ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಬಗ್ಗೆ ತರಬೇತಿಯಲ್ಲಿ ಹೇಳಿದ್ದರು. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ಡಾಕ್ಟರ್ ಆದವರು. ನೋವು ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದೂ ಮನೆಯವರ ಚಿಂತೆಯದ್ದೂ ಹೌದು ಅಂದವರು. ಅಕ್ಕ ಮಲಗಿದ ಆ ಮಧ್ಯಾಹ್ನ ಅದು ನನಗೆ ಅರ್ಥವಾಯಿತು. ಅವರ ಗಂಡ ಕಣ್ಣು ಬಿಟ್ಟು ಮೆಲ್ಲಗೆ "ಮಲಗಿದ್ಲಾ?" ಅಂತ ಕೇಳಿದರು. "ಹೌದಣ್ಣಾ" ಅಂದೆ. ಅವರ ಮುಖ ಸಡಿಲವಾಯಿತು. ಆಮೇಲಿನ ಪ್ರತಿ ವಾರವೂ ಅದೇ ಪ್ರಶ್ನೆ.

ಅವರು ತೀರಿಕೊಂಡ ಮೇಲೂ ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಜನ ಬಂದು ಹೋಗುವುದು ಮುಗಿದ ಮೇಲಿನ ವಾರಗಳೇ ಕಷ್ಟ. ಒಂದು ದಿನ ಅಕ್ಕ ಹೇಳಿದರು: "ಈಗ್ಲೂ ರಾತ್ರಿ ಎರಡು ಗಂಟೆಗೊಮ್ಮೆ ಎಚ್ಚರ ಆಗ್ತದೆ. ಎದ್ದು ಆ ರೂಮಿನವರೆಗೂ ಹೋಗ್ತೀನಿ." ನಾನು ಏನೂ ಹೇಳಲಿಲ್ಲ. ಸುಮ್ನೆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.