ನಲಿ-ಕಲಿ ಶಿಕ್ಷಕರಿಗೆ ಪಾಠ ಯೋಜನೆಯ ತರಬೇತಿ ನಡೆಸುವ ಬಗೆ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ (ಹತ್ತಿರದ ಹಲವು ಶಾಲೆಗಳ ಶಿಕ್ಷಕರು ಸೇರುವ ಸಭೆ) ನಲಿ-ಕಲಿಯ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯ, ಒಂದರಿಂದ ಮೂರನೆಯ ತರಗತಿಯ ಶಿಕ್ಷಕರಿಗೆ ತರಬೇತಿ ನೀಡುವ ಸಂಪನ್ಮೂಲ ವ್ಯಕ್ತಿಗಳು ಪಾಠ ಯೋಜನೆಯ ನಮೂನೆಯ ಕಲಂಗಳನ್ನು ವಿವರಿಸುತ್ತ ಕೂರಬಾರದು. ಕಲಂ ತುಂಬಲು ಎಲ್ಲ ಶಿಕ್ಷಕರಿಗೂ ಬರುತ್ತದೆ. ಮಗು ಎಲ್ಲಿ ತಡವರಿಸುತ್ತಿದೆ ಎಂದು ಗುರುತಿಸಿ ಒಂದು ಅವಧಿಯನ್ನು ಅದಕ್ಕೆ ತಕ್ಕಂತೆ ಹೊಂದಿಸುವುದು ಮಾತ್ರ ಅಭ್ಯಾಸದಿಂದಲೇ ಬರಬೇಕು. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಮೂಲ ಲೆಕ್ಕ ಮಾಡಬೇಕು ಎಂಬುದು 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಾರ್ಯಕ್ರಮ ನಿಪುಣ್ ಭಾರತ್‌ನ ಗುರಿ. ಆ ಗುರಿ ಕೈಗೂಡುವುದು ಇಂತಹ ಒಂದೊಂದು ಅವಧಿಯಲ್ಲಿಯೇ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ತರಗತಿಯ ಮೂರ್ನಾಲ್ಕು ಮಕ್ಕಳ ನೋಟ್‌ಬುಕ್‌ಗಳನ್ನು ಸಭೆಗೆ ತರುವಂತೆ ಮೊದಲೇ ತಿಳಿಸಿರಿ.

ಗಣಿತದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. 42ರಲ್ಲಿ 17 ಕಳೆಯಲು ಹೇಳಿದಾಗ ಮಗು 35 ಎಂದು ಬರೆದಿದ್ದರೆ, ಅದಕ್ಕೆ ಕೆಂಪು ಗೆರೆ ಎಳೆಯುವ ಮೊದಲು, ಮಗು ಏನು ಯೋಚಿಸಿರಬಹುದು ಎಂದು ಶಿಕ್ಷಕರನ್ನೇ ಕೇಳಿರಿ. 2ರಲ್ಲಿ 7 ಹೋಗುವುದಿಲ್ಲವೆಂದು ಮಗು 7ರಲ್ಲಿ 2 ಕಳೆದಿದೆ. ಅದಕ್ಕೆ ಕಳೆಯಲು ಬರುತ್ತದೆ, ಹತ್ತನ್ನು ಬಿಡಿಸಿಕೊಳ್ಳಲು ಬರುವುದಿಲ್ಲ. ಇಷ್ಟು ಸ್ಪಷ್ಟವಾದ ಮೇಲೆ ಯೋಜನೆಯ ಕೊನೆಯ ಸಾಲನ್ನು ಮೊದಲು ಬರೆಸಿರಿ: ಅವಧಿ ಮುಗಿದಾಗ ಮಗು 53ರಲ್ಲಿ 26 ಕಳೆಯುವುದನ್ನು ಕಡ್ಡಿಗಳಿಂದ ಮಾಡಿ ತೋರಿಸಬೇಕು. ಅನಂತರ ಅಲ್ಲಿಗೆ ತಲುಪುವ ಹೆಜ್ಜೆಗಳನ್ನು ಯೋಚಿಸಲಿ. ನಮ್ಮ ಭಾಗದಲ್ಲಿ ತೊಗರಿ ಕಟ್ಟಿಗೆಗೆ ಕೊರತೆಯಿಲ್ಲ. ಅದನ್ನು ಗೇಣುದ್ದ ಮುರಿದು, ಮೊದಲಿನ 42ಕ್ಕೆ ಹತ್ತರ ಕಟ್ಟು ನಾಲ್ಕು, ಬಿಡಿ ಎರಡು ಇಡಿಸಿ, ಒಂದು ಕಟ್ಟನ್ನು ಮಗುವಿನ ಕೈಯಿಂದಲೇ ಬಿಚ್ಚಿಸಬೇಕು. ಮೂರು ಕಟ್ಟು, ಹನ್ನೆರಡು ಬಿಡಿ ಆದ ಮೇಲೆ ಏಳು ಬಿಡಿ, ಒಂದು ಕಟ್ಟು ತೆಗೆದರೆ 25 ಉಳಿಯುತ್ತದೆ. ಕಡ್ಡಿ ಮುಟ್ಟಿದ ಬಳಿಕವೇ ಸ್ಲೇಟು. ಈ ಕ್ರಮವನ್ನು ಶಿಕ್ಷಕರು ತಾವೇ ನೆಲದ ಮೇಲೆ ಕುಳಿತು ಮಾಡಿ ನೋಡಲೇಬೇಕು. ಬರೀ ಕೇಳಿದರೆ ಅದು ಮನಸ್ಸಿಗೆ ಇಳಿಯುವುದಿಲ್ಲ.

ಕನ್ನಡದ ಪಾಠಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆ ತೆಲುಗು, ಬೀದರ್ ಗಡಿಯಲ್ಲಿ ಮರಾಠಿ, ಪಟ್ಟಣಗಳಲ್ಲಿ ಉರ್ದು ಕೇಳಿಬರುತ್ತವೆ. ನಲಿ-ಕಲಿಯ ಆರಂಭದ ರ, ಗ, ಸ, ದ, ಅ ಅಕ್ಷರಗಳಿಂದ 'ಸರ' ಎಂಬ ಪದವನ್ನು ಓದಿಸುವ ಶಿಕ್ಷಕರು, ಮಣಿಸರವೊಂದನ್ನು ಕೈಯಲ್ಲಿ ಹಿಡಿದು, ಮಕ್ಕಳು ಅದನ್ನು ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿ, ಆ ಮಾತಿನಿಂದ ಕನ್ನಡದ ಪದಕ್ಕೆ ಬರುವುದನ್ನು ಯೋಜನೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮಾತಾಡಿಸುವ ಸಮಯವನ್ನು ಬಿಡುವಿದ್ದರೆ ಮಾಡುವ ಕೆಲಸವೆಂದು ಯಾರೂ ಭಾವಿಸಬಾರದು. ಪರಿಸರ ಅಧ್ಯಯನಕ್ಕೆ ಸಂತೆ, ಬಾವಿ, ಹೊಲಗಳೇ ಸಾಕಷ್ಟು ಸಾಮಗ್ರಿ ಒದಗಿಸುತ್ತವೆ.

ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿರುವುದರಿಂದ, ಶಿಕ್ಷಕರು ಯಾವ ತಟ್ಟೆಯ (ಗುಂಪಿನ) ಮಕ್ಕಳೊಡನೆ ಎಷ್ಟು ಹೊತ್ತು ಕೂರುತ್ತಾರೆ, ಆಗ ಸ್ವಕಲಿಕೆಯ ಗುಂಪು ಯಾವ ಕಲಿಕಾ ಕಾರ್ಡು ಹಿಡಿದಿರುತ್ತದೆ ಎಂಬುದು ಯೋಜನೆಯಲ್ಲಿ ಇರಲೇಬೇಕು. ದುಡಿಮೆಗಾಗಿ ಗುಳೆ ಹೋದ ಕುಟುಂಬದ ಮಗು ತಿಂಗಳುಗಟ್ಟಲೆ ತಪ್ಪಿಸಿಕೊಂಡು ಮರಳಿದರೆ, ಅದು ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ) ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಉಳಿದವರ ಜೊತೆ ಓಡಿಸಲು ನೋಡಿದರೆ ಆ ಮಗು ಶಾಲೆಯನ್ನೇ ಬಿಟ್ಟೀತು.

ಯೋಜನೆ ಸಿದ್ಧವಾದ ದಿನವೇ ಸಭೆ ನಡೆಯುವ ಶಾಲೆಯ ಮಕ್ಕಳಿಗೆ ಒಬ್ಬ ಶಿಕ್ಷಕರು ಪಾಠ ಮಾಡಲಿ. ನೋಡುವವರು ಶಿಕ್ಷಕರನ್ನು ನೋಡದೆ ಒಬ್ಬೊಬ್ಬರು ಒಂದೊಂದು ಮಗುವಿನ ಕೈ ಮತ್ತು ಬಾಯಿಯನ್ನು ಗಮನಿಸಿ, ಮಗು ಎಲ್ಲಿ ನಿಂತಿತೆಂದು ಬರೆದುಕೊಳ್ಳಲಿ. ಆ ಟಿಪ್ಪಣಿಯ ಆಧಾರದ ಮೇಲೆ ಯೋಜನೆಯನ್ನು ಅಲ್ಲಿಯೇ ತಿದ್ದಿಸಿ, ಮುಂದಿನ ತಿಂಗಳ ಸಭೆಗೆ ಅದೇ ಮಕ್ಕಳ ನೋಟ್‌ಬುಕ್ ತರಲು ಹೇಳಿರಿ.